ಸುಣ್ಣದ ಕೆಳಗಿನ ಕೆಮ್ಮಣ್ಣು ಗೆರೆಗಳು

ನನ್ನ ಮೊಮ್ಮಗಳು ಚೈತ್ರ ಇಂಜಿನಿಯರ್ ಆದಳು. ನಿನ್ನೆ ಘಟಿಕೋತ್ಸವ. ಕಪ್ಪು ಗೌನು, ತಲೆ ಮೇಲೆ ಹಲಗೆಯಂಥ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ವೇದಿಕೆಯಿಂದ ಅವಳ ಹೆಸರು ಕೂಗಿದಾಗ ನಾನು ಎದ್ದು ನಿಂತುಬಿಟ್ಟೆ. ಕೂತ್ಕೊಳ್ಳಿ ಯಜಮಾನ್ರೇ, ಹಿಂದಿನವರಿಗೆ ಕಾಣಲ್ಲ ಅಂತ ಯಾರೋ ಅಂದರು. ನಾನು ಕೂರಲಿಲ್ಲ. ನಮ್ಮ ವಂಶದಲ್ಲಿ ಇಷ್ಟು ದಿನ ಇಂಜಿನಿಯರ್ ಬಂದಾಗ ನೀರಿನ ಗುಂಡಿಯ ಮುಚ್ಚಳ ಎತ್ತಿ ಹಿಡಿಯೋರೇ ಇದ್ದದ್ದು. ವಾಪಸ್ ಬರುವಾಗ ಬಸ್ ಕಂಡಕ್ಟರಿಗೂ ಹೇಳಿದೆ, ಪಕ್ಕದಲ್ಲಿ ಕೂತಿದ್ದ ತರಕಾರಿಯವಳಿಗೂ ಹೇಳಿದೆ. ಆಕೆ ಒಂದು ಕಟ್ಟು ಕೊತ್ತಂಬರಿ ಕೊಟ್ಟಳು.

ಹೇಳಿ ಹೇಳಿ ಸಾಲದೆ ಈಗ ಬರೆಯೋಕೆ ಕೂತಿದ್ದೀನಿ. ಓದಿರೋದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಬರೀಬೇಕು ಅಂತಿರೋದು ನನ್ನ ಕೆಲಸದಲ್ಲಿ ನಡೆದ ಒಂದು ಪ್ರಸಂಗ. ಈ ಮಗು ನಿಜವಾಗಿ ಇಂಜಿನಿಯರ್ ಆಗಿದ್ದು ನಿನ್ನೆ ಅಲ್ಲ, ಆವತ್ತು ಅಂತ ನನ್ನ ಲೆಕ್ಕ. ನನ್ನ ಬದುಕಿನಲ್ಲಿ ನಾನು ಬಹಳ ಒಂಟಿಯಾಗಿದ್ದ ದಿನಗಳೂ ಅವೇ.

ಕೊರೋನಾ ಕಳೆದು ಎರಡನೇ ಬೇಸಿಗೆ. ನಾನು ಗ್ರಾಮ ಪಂಚಾಯಿತಿಯ ವಾಟರ್‌ಮ್ಯಾನ್. ಇಪ್ಪತ್ತಾರು ವರ್ಷದ ಸರ್ವೀಸು, ರಿಟೈರ್ ಆಗೋಕೆ ಹತ್ತು ತಿಂಗಳು ಬಾಕಿ. ನಮ್ಮೂರು ಇರೋದು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳ ಬೆನ್ನಿಗೇ. ಹಗಲು ರಾತ್ರಿ ಅನ್ನದೆ ಶಿಫ್ಟಿನ ಬಸ್ಸು ಓಡಾಡುವ ಊರು.

ವಾಟರ್‌ಮ್ಯಾನ್ ಅಂದರೆ ನೀರು ಬಿಡೋನು ಅಂತ ಜನ ಸುಮ್ಮನೆ ಅಂದುಬಿಡ್ತಾರೆ. ಅಷ್ಟು ಸುಲಭ ಅಲ್ಲ. ಊರ ಮೇಲಿನ ದಿಣ್ಣೆಯಲ್ಲಿ ಓವರ್‌ಹೆಡ್ ಟ್ಯಾಂಕ್. ಅಲ್ಲಿಂದ ಒಂದೇ ಪೈಪು ಇಳಿದು ಏಳು ಬೀದಿಗೆ ಒಡೆಯುತ್ತೆ. ಒಂದೊಂದು ಬೀದಿಯ ತಲೆಯಲ್ಲೂ ನೆಲದೊಳಗೆ ಒಂದು ಗೇಟ್‌ವಾಲ್ವ್, ಅದರ ಸುತ್ತ ಕಟ್ಟಿದ ಗುಂಡಿಗೆ ಚೇಂಬರ್ ಅಂತೀವಿ. ಎದೆಯೆತ್ತರದ ಕಬ್ಬಿಣದ ಕೀಲಿ ಇಳಿಬಿಟ್ಟು ತಿರುಗಿಸಬೇಕು. ಟ್ಯಾಂಕಿನ ಹತ್ತಿರದ ಬೀದಿಗೆ ಪ್ರೆಷರ್, ಅಂದರೆ ನೀರಿನ ತಳ್ಳು, ಜಾಸ್ತಿ. ಅಲ್ಲಿ ನಾಲ್ಕು ಸುತ್ತು ತಿರುಗಿಸೋ ಕಡೆ ಆರು ತಿರುಗಿಸಿದರೆ ಮೊದಲನೇ ಬೀದಿ ಚರಂಡಿ ತುಂಬುತ್ತೆ, ಏಳನೇ ಬೀದಿ ಒಣಗುತ್ತೆ. ಎಷ್ಟು ಸುತ್ತು, ಎಷ್ಟು ಹೊತ್ತು, ಯಾವುದು ಮುಚ್ಚಿದ ಮೇಲೆ ಯಾವುದು, ಇದೇ ವಿದ್ಯೆ.

ಈ ವಿದ್ಯೆ ಯಾವ ಕಾಗದದಲ್ಲೂ ಇರಲಿಲ್ಲ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ನಮ್ಮ ಚಿಕ್ಕಪ್ಪ ಒಂದೊಂದು ವಾಲ್ವಿನ ಪಕ್ಕದ ಗೋಡೆ ಮೇಲೂ ಕೆಮ್ಮಣ್ಣಿನಲ್ಲಿ ಗುರುತು ಹಾಕಿದ್ದ. ನೆಟ್ಟಗಿರೋ ಗೆರೆ ಅಂದರೆ ಸುತ್ತು, ಗಿಡ್ಡ ಗೆರೆ ಅಂದರೆ ಅರ್ಧ ಸುತ್ತು, ದುಂಡು ಚುಕ್ಕೆ ಅಂದರೆ ಕಾಲು ಗಂಟೆ. ಪ್ರತಿ ಯುಗಾದಿಗೆ ನಾನು ಅದರ ಮೇಲೇ ತಿದ್ದುತ್ತಿದ್ದೆ. ಅಕ್ಷರ ನನಗೂ ಬರುತ್ತಿತ್ತು, ಆದರೆ ಬೆಳಗಿನ ಜಾವ ಬ್ಯಾಟರಿ ಬೆಳಕಿನಲ್ಲಿ ಗೆರೆ ಓದೋದೇ ಸಲೀಸು. ಊರಿನವರು ಅದನ್ನು ಯಾರೋ ಮಕ್ಕಳು ಗೀಚಿದ್ದು ಅಂದುಕೊಂಡಿದ್ದರು. ಅಲ್ಲ ಅಂತ ನಾನೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಅದು ಒಬ್ಬನೇ ಮಾಡೋ ಕೆಲಸ. ಎಲ್ಲರ ಮನೆಗೂ ನೀರು ಬಂದ ದಿನ ಯಾರಿಗೂ ಈ ಕೆಂಪಣ್ಣನ ನೆನಪಿರಲ್ಲ, ಬಾರದ ದಿನ ಊರಿಗೆಲ್ಲ ಕೆಂಪಣ್ಣನೇ ಬೇಕು. ಮಾತು ಅಂತ ಇದ್ದದ್ದು ಮನೆಯಲ್ಲಿ, ನನ್ನ ಹೆಂಡತಿ ಜಯಮ್ಮನ ಜೊತೆ. ಹಿಂದಿನ ಕಾರ್ತಿಕದಲ್ಲಿ ಅವಳು ಹೋಗಿಬಿಟ್ಟಳು. ಮಗ ಮಂಜುನಾಥನಿಗೆ ಬಾಶೆಟ್ಟಿಹಳ್ಳಿಯಲ್ಲಿ ಬೆಳಗಿನ ಶಿಫ್ಟು, ಸೊಸೆ ಸುಧಾಳಿಗೆ ಮಧ್ಯಾಹ್ನದ ಶಿಫ್ಟು, ಚೈತ್ರ ಬೆಂಗಳೂರಿನ ಹಾಸ್ಟೆಲಿನಲ್ಲಿ. ಮನೆ ಖಾಲಿ ಇತ್ತು ಅಂತ ಹೇಳೋ ಹಾಗಿಲ್ಲ. ಯಾವಾಗಲೂ ಯಾರೋ ಒಬ್ಬರು ಇರುತ್ತಿದ್ದರು, ಮಲಗಿರುತ್ತಿದ್ದರು.

ಜಯಮ್ಮ ಹೋದ ಮೇಲೆ ಇನ್ನೊಂದು ಶುರುವಾಯಿತು. ಕೀಲಿ ಹಿಡಿದು ಎರಡು, ಮೂರು ಅಂತ ತಿರುಗಿಸುತ್ತಾ ಇರೋವಾಗ, ಈಗ ಆಗಿದ್ದು ನಾಲ್ಕಾ ಐದಾ ಅಂತ ತಲೆ ಬರಿದಾಗಿಬಿಡೋದು. ಮತ್ತೆ ಪೂರ್ತಿ ಮುಚ್ಚಿ, ಗೋಡೆ ನೋಡಿ, ಮೊದಲಿಂದ ಎಣಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗೋಡೆ ಇತ್ತಲ್ಲ, ಸಾಕು ಅಂದುಕೊಂಡೆ.

ಆ ಬೇಸಿಗೆಯಲ್ಲಿ ಚೈತ್ರ ಸಿವಿಲ್ ಇಂಜಿನಿಯರಿಂಗ್ ಎರಡನೇ ವರ್ಷ. ಅವರ ಕಾಲೇಜಿನವರು ವರ್ಷಕ್ಕೊಂದು ಹಳ್ಳಿಯಲ್ಲಿ ಏಳು ದಿನ ಸೇವಾ ಶಿಬಿರ ಮಾಡುತ್ತಾರೆ. ಈ ಸಲ ಯಾವ ಊರು ಅಂತ ಕೇಳಿದಾಗ ಇವಳು ಎದ್ದು ನಮ್ಮೂರು ಅಂದಳಂತೆ. ನಲವತ್ತು ಮಕ್ಕಳು ಬಂದರು. ನಮ್ಮ ಶಾಲೆಯಲ್ಲೇ ಮಲಗಿದರು, ತಾವೇ ಅಡುಗೆ ಮಾಡಿಕೊಂಡರು. ಮುದುಕರಿಗೆ ಕಣ್ಣಿನ ತಪಾಸಣೆ ಮಾಡಿಸಿದರು, ದನದ ತೊಟ್ಟಿ ತೊಳೆದರು, ಶಾಲೆ ಸುತ್ತ ಗಿಡ ನೆಟ್ಟರು. ಸಿಟಿ ಮಕ್ಕಳು ಸಗಣಿ ಬಾಚಿದ್ದನ್ನು ನೋಡಿ ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ, ಅವಳು ನನ್ನ ಮೊಮ್ಮಗಳು ಅಂತ ಗೊತ್ತಿದ್ದವರಿಗೇ ಮತ್ತೆ ಹೇಳುತ್ತಿದ್ದೆ.

ನಾಲ್ಕನೇ ದಿನ ಗೋಡೆ ಬರಹ. ಗಲೀಜಾಗಿರೋ, ಗೀಚಿರೋ ಗೋಡೆಗಳನ್ನೇ ಹುಡುಕಿ, ಸುಣ್ಣ ಬಳಿದು, ನೀರು ಉಳಿಸಿ ಅಂತ ಬರೆಯೋದು ಅವರ ಯೋಜನೆ. ಊರಲ್ಲಿ ಗೀಚಿರೋ ಗೋಡೆ ಅಂದರೆ ಯಾವುದು? ನನ್ನ ಏಳು ಗೋಡೆ.

ಕೀಲಿ ಹೆಗಲ ಮೇಲಿಟ್ಟುಕೊಂಡು ನಾನು ಮೂರನೇ ಬೀದಿಗೆ ಬರೋ ಹೊತ್ತಿಗೆ ಚೈತ್ರ ಸ್ಟೂಲಿನ ಮೇಲೆ ನಿಂತಿದ್ದಳು. ಕೆನ್ನೆಗೆಲ್ಲ ಸುಣ್ಣ. ಗೆಳತಿಯರ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ಗೋಡೆ ಮೇಲಿನ ಗೆರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಮುಚ್ಚಿಹೋಗಿತ್ತು.

“ತಾತ, ನಿನ್ನ ಇಲಾಖೆದೇ ಬರೀತಿದೀವಿ ನೋಡು. ಹೆಂಗಿದೆ?”

“ಚೆನ್ನಾಗಿದೆ ಕಣವ್ವ,” ಅಂದೆ.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಇನ್ನೂ ನಾಲ್ಕು ಗೋಡೆ ಉಳಿಯುತ್ತಿತ್ತು. ಇಪ್ಪತ್ತಾರು ವರ್ಷ ತಿರುಗಿಸಿದ ಕೈಗೆ ಗೊತ್ತಿರಲ್ವಾ ಅಂತ ನನಗೆ ನಾನೇ ಹೇಳಿಕೊಂಡೆ. ಸಂಜೆಯೊಳಗೆ ಏಳೂ ಗೋಡೆ ಬೆಳ್ಳಗಾದವು. ಏಳನೇ ಬೀದಿ ಗೋಡೆ ಮೇಲೆ ಒಂದು ನಲ್ಲಿ, ಅದರ ಕೆಳಗೆ ನಗುತ್ತಿರೋ ಒಂದು ಹನಿ. ಕೊನೆ ದಿನದ ಸಮಾರಂಭದಲ್ಲಿ ನನಗೇ ಶಾಲು ಹೊದಿಸಿದರು. ಊರಿಗೆ ನೀರುಣಿಸೋ ಹಿರಿಯರು ಅಂತ ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮಕ್ಕಳ ಬಸ್ಸು ಹೋದ ಮೇಲೆ ಶಾಲು ಮಡಿಸುತ್ತಾ ಜಗಲಿ ಮೇಲೆ ಬಹಳ ಹೊತ್ತು ಕೂತಿದ್ದೆ.

ಶಿಬಿರ ಇದ್ದಷ್ಟು ದಿನ ಹೇಗೋ ನಡೆಯಿತು. ಸೋಮವಾರ ಬೆಳಿಗ್ಗೆ ಮೊದಲನೇ ವಾಲ್ವ್ ಸರಿ ತಿರುಗಿಸಿದೆ. ಎರಡನೆಯದೂ ಆಯಿತು. ಮೂರನೆಯದರ ಹತ್ತಿರ ಕೈ ನಿಂತಿತು. ಗೋಡೆ ನೋಡಿದೆ, ಬರೀ ಬಿಳುಪು. ಅಂದಾಜಿಗೆ ತಿರುಗಿಸಿದೆ. ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತೆ. ಆವತ್ತು ಮೇಲಿನ ಬೀದಿಗಳಲ್ಲಿ ಚರಂಡಿ ತುಂಬಿ ಹರಿಯಿತು, ಏಳನೇ ಬೀದಿಗೆ ತೊಟ್ಟು ನೀರು ಹೋಗಲಿಲ್ಲ. ಮಂಗಳವಾರ ಸರಿಮಾಡೋಕೆ ಹೋಗಿ ನಾಲ್ಕನೇ ಬೀದಿಯನ್ನೂ ಕೆಡಿಸಿದೆ.

ಏಳನೇ ಬೀದಿಯಲ್ಲಿ ಇರೋರೆಲ್ಲ ಬಾಡಿಗೆ ರೂಮುಗಳವರು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಪ್ಯಾಕಿಂಗ್ ಕೆಲಸದವರು. ಐದೂ ಮುಕ್ಕಾಲಿಗೆ ಅವರ ಬಸ್ಸು. ಸ್ನಾನ ಇಲ್ಲದೆ, ಅಡುಗೆ ಇಲ್ಲದೆ ಹೋದರು. ಆ ಬೀದಿಯ ಹಿರಿಯಳು ಮುನಿಲಕ್ಷ್ಮಮ್ಮ, ಬಾಯಿಯಿಂದಲೇ ಬದುಕಿದವಳು. ಗುರುವಾರ ಎಲ್ಲರನ್ನೂ ಕರೆದುಕೊಂಡು ಬಂದು ಪಂಚಾಯಿತಿ ಬಾಗಿಲಿಗೆ ಅಡ್ಡಲಾಗಿ ಖಾಲಿ ಕೊಡ ಜೋಡಿಸಿದಳು.

“ಏನ್ ಕೆಂಪಣ್ಣ, ನಿನ್ನ ವಾಲ್ವಿಗೆ ನಮ್ಮ ಬೀದಿ ಕಂಡ್ರೆ ಮುನಿಸಾ? ಗೋಡೆ ಮೇಲಿನ ನಲ್ಲೀಲಿ ಬರ್ತೈತೆ ನೀರು, ನಮ್ಮ ನಲ್ಲೀಲಿ ಬರಲ್ಲ.”

ಪಂಚಾಯಿತಿ ಮೆಂಬರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಒಳ್ಳೆಯ ಮಾತಿನಲ್ಲೇ ಹೇಳಿದರು. ವಯಸ್ಸಾಯಿತು, ಮರೆವು ಬಂದಿದೆ ಅಂತ ಜನ ಆಡಿಕೊಳ್ಳುತ್ತಿದ್ದಾರೆ, ಭಾನುವಾರದ ತನಕ ನೋಡ್ತೀವಿ, ಸರಿಹೋಗದಿದ್ದರೆ ಸೋಮವಾರದಿಂದ ಬೇರೆಯವರು ಅಂತ.

ಗುರುತು ಅಳಿಸಿಹೋಯಿತು ಅಂತ ಅಲ್ಲೇ ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಓದಿದ ಮಕ್ಕಳು ಸೇವೆ ಮಾಡೋಕೆ ಬಂದು ಊರ ನೀರು ನಿಲ್ಲಿಸಿದರು, ಅದೂ ಕೆಂಪಣ್ಣನ ಮೊಮ್ಮಗಳೇ ಮುಂದಾಳು ಅಂತ ಹತ್ತೂರಿಗೆ ಹಬ್ಬುತ್ತಿತ್ತು. ಆ ಮಗು ಇನ್ನೊಂದು ಸಲ ಯಾವ ಊರಿಗೂ ಕೈ ಹಾಕುತ್ತಿರಲಿಲ್ಲ. ಇನ್ನೊಂದು ಕಾರಣ ಹೇಳೋಕೆ ಈಗಲೂ ನಾಚಿಕೆ. ಗುರುತು ಇಲ್ಲದಿದ್ದರೆ ನನಗೆ ನೆನಪಿಲ್ಲ ಅಂತ ಒಪ್ಪಿಕೊಳ್ಳಬೇಕಿತ್ತಲ್ಲ.

ಮನೆಗೆ ಬಂದೆ. ಮಗ ಶಿಫ್ಟು ಮುಗಿಸಿ ಮಲಗಿದ್ದ, ಸೊಸೆ ಕೆಲಸಕ್ಕೆ ಹೋಗಿದ್ದಳು. ಜಯಮ್ಮನ ಫೋಟೋ ಜೊತೆ ಮಾತಾಡೋ ಜಾತಿ ನಾನಲ್ಲ. ಸುಮ್ಮನೆ ಗೋಡೆಗೆ ಒರಗಿ ಬೆರಳು ಮಡಚುತ್ತಾ ಒಂದನೇ ಬೀದಿ ನಾಲ್ಕು, ಎರಡನೇ ಬೀದಿ ನಾಲ್ಕೂವರೆ ಅಂತ ಎಣಿಸಿದೆ. ಪ್ರತಿ ಸಲವೂ ಮೂರನೆಯದರಲ್ಲಿ ಬೆರಳು ನಿಲ್ಲುತ್ತಿತ್ತು. ಊರು ತುಂಬ ಜನ, ನನ್ನ ಹತ್ತಿರ ಬರುತ್ತಿದ್ದದ್ದು ಬೈಗುಳ ಮಾತ್ರ.

ಶನಿವಾರ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಅಡುಗೆ ಮನೆಯಿಂದ ಒಂದು ಚಮಚ ತೆಗೆದುಕೊಂಡು ಹೋಗಿ ಮೂರನೇ ಗೋಡೆಯ ಸುಣ್ಣ ಕೆರೆಯೋಕೆ ಶುರುಮಾಡಿದೆ. ಕೆಮ್ಮಣ್ಣು ಅಷ್ಟು ಸುಲಭಕ್ಕೆ ಹೋಗಲ್ಲ ಅಂತ ನಂಬಿಕೆ. ಒಂದು ಗೆರೆ ಸಿಕ್ಕಿತು. ಎರಡನೆಯದು ಮಸುಕಾಗಿ ಕಂಡಿತು. ಅಷ್ಟರಲ್ಲಿ ಹಿಂದಿನಿಂದ ಚೈತ್ರಳ ದನಿ. ಶಿಬಿರದ ವರದಿಗೆ ಫೋಟೋ ತೆಗೆಯೋಕೆ ಇಬ್ಬರು ಗೆಳತಿಯರ ಜೊತೆ ಬಂದಿದ್ದಳು.

“ತಾತ, ಏನ್ ಕೆರೀತಿದೀಯ?”

“ಗೆದ್ದಲು ಹಿಡಿದಿತ್ತು.”

“ಕಲ್ಲು ಗೋಡೆಗಾ?”

ನಾನು ಚಮಚ ಜೇಬಿಗೆ ಹಾಕಿಕೊಂಡೆ. ಅವಳು ಬಗ್ಗಿ ಆ ಕೆಂಪು ಗೆರೆ ಮುಟ್ಟಿ ನೋಡಿದಳು, ಕಾಲ ಬಳಿ ಇದ್ದ ಚೇಂಬರ್ ನೋಡಿದಳು, ಗೋಡೆಗೆ ಒರಗಿಸಿದ್ದ ನನ್ನ ಕೀಲಿ ನೋಡಿದಳು. ದಡ್ಡಿ ಅಲ್ಲ ಅವಳು. ಬಿಡಿಸಿ ಬಿಡಿಸಿ ಕೇಳಿದಳು, ನಾನು ಹೇಳಿದೆ. ಗೆಳತಿಯರು ಫೋನು ಕೆಳಗಿಳಿಸಿದರು. ಚೈತ್ರ ಚೇಂಬರಿನ ಅಂಚಿನ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

“ಅಳಿಸಿದ್ದು ನಾವು, ಬೈಸಿಕೊಂಡಿದ್ದು ನೀನು.” ಆಮೇಲೆ ನಾನು ಯಾವ ಪ್ರಶ್ನೆಗೆ ಹೆದರಿದ್ದೆನೋ ಅದನ್ನೇ ಕೇಳಿದಳು. “ನಿಂಗೆ ನೆನಪಿರಲಿಲ್ವಾ ತಾತ?”

“ಇಲ್ಲ ಕಣವ್ವ. ಅಜ್ಜಿ ಹೋದ ಮೇಲೆ ಎಣಿಕೆ ನಿಲ್ತಿಲ್ಲ.”

ಅದನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ ಅವಳ ಪಕ್ಕದಲ್ಲೇ ಕೂತೆ.

ಬೇಡ ಬೇಡ ಅಂದರೂ ಅವಳು ಕೇಳಲಿಲ್ಲ. ಸಂಜೆ ಮೆಂಬರ್ ಮನೆಗೆ ಹೋಗಿ, ಆಮೇಲೆ ಏಳನೇ ಬೀದಿಗೆ ಹೋಗಿ, ತಪ್ಪು ನಮ್ಮದು, ನಾವೇ ಗುರುತು ಅಳಿಸಿದ್ದು ಅಂತ ನಿಂತು ಹೇಳಿದಳು. ಭಾನುವಾರ ಒಂದು ದಿನ ಕೊಡಿ ಅಂದಳು. ಹಾಸ್ಟೆಲಿಗೆಲ್ಲ ಫೋನು ಮಾಡಿದಳು. ಭಾನುವಾರ ಬೆಳಿಗ್ಗೆ ಆರಕ್ಕೆ ಹತ್ತೊಂಬತ್ತು ಮಕ್ಕಳು ಬಸ್ಸು, ಬೈಕು ಅಂತ ಬಂದಿಳಿದರು. ಶಿಬಿರ ಮುಗಿದಿತ್ತು, ಹಾಜರಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಆದರೂ ಬಂದರು. ಮುನಿಲಕ್ಷ್ಮಮ್ಮ ಎಣಿಸಿ ನೋಡಿ, ಸುಣ್ಣ ಬಳಿಯೋಕೆ ನಲವತ್ತು ಜನ, ನೀರು ಬಿಡೋಕೆ ಹತ್ತೊಂಬತ್ತಾ ಅಂದಳು. ಮಕ್ಕಳೇ ನಕ್ಕುಬಿಟ್ಟರು.

ಮಾಡಿದ್ದು ಹೀಗೆ. ಪ್ರತಿ ಬೀದಿಯ ಮೊದಲ ನಲ್ಲಿಗೆ ಒಬ್ಬರು, ಕೊನೆಯ ನಲ್ಲಿಗೆ ಒಬ್ಬರು, ಕೈಯಲ್ಲಿ ಬಕೆಟ್ಟು, ಕಿವಿಗೆ ಫೋನು. ನಾನು ಒಂದು ಸುತ್ತು ತಿರುಗಿಸಿದರೆ ಬಕೆಟ್ಟು ತುಂಬೋಕೆ ಎಷ್ಟು ಸೆಕೆಂಡ್ ಅಂತ ಅವರು ಹೇಳೋದು, ಚೈತ್ರ ನೋಟ್‌ಬುಕ್ಕಿನಲ್ಲಿ ಬರೆಯೋದು. ಮತ್ತೆ ಒಂದು ಸುತ್ತು. ಎಣಿಸೋದು ಅವಳ ಪಾಲು, ತಿರುಗಿಸೋದು ನನ್ನ ಪಾಲು. ಫೋನಿನಲ್ಲಿ ಒಬ್ಬ ಹುಡುಗ, ಬಂತು ಗುರು, ನೀರೂ ಬಂತು, ಪ್ಯಾಂಟೂ ಹೋಯ್ತು ಅಂತ ಕೂಗಿದ್ದು ನನಗೂ ಕೇಳಿಸಿತು. ಮುಂಚೆ ಎಷ್ಟು ಹೊತ್ತಿಗೆ ತುಂಬುತ್ತಿತ್ತು ಅಂತ ಬೀದಿಯವರನ್ನು ಕೇಳಿ ಹೋಲಿಸಿ, ಮಧ್ಯಾಹ್ನದ ಹೊತ್ತಿಗೆ ಏಳೂ ವಾಲ್ವಿನ ಹಳೇ ಲೆಕ್ಕ ಪತ್ತೆಮಾಡಿದೆವು. ನಾನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಉಳಿದುಕೊಂಡೆ ಅಂದುಕೊಂಡೆ.

ಆಗ ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದಳು: “ಹಳೇ ಥರ ಬಂದ್ರೆ ಏನ್ ಬಂತು? ಹಳೇ ಥರಾನೂ ನಮಗೆ ಬರ್ತಿರಲಿಲ್ಲ.”

ಚೈತ್ರ ನೋಟ್‌ಬುಕ್ ತಿರುವಿದಳು. ಮೊದಲನೇ ಬೀದಿಯಲ್ಲಿ ಒಂದು ನಿಮಿಷದೊಳಗೆ ತುಂಬೋ ಬಕೆಟ್ಟು ಏಳನೇ ಬೀದಿಯ ಕೊನೆಯಲ್ಲಿ ತುಂಬೋಕೆ ಒಂಬತ್ತು ನಿಮಿಷ. ಅದು ಚಿಕ್ಕಪ್ಪನ ಕಾಲದಿಂದ ಬಂದ ಲೆಕ್ಕ ಅಂದೆ. ಆಗ ಇಲ್ಲಿ ಎಷ್ಟು ಮನೆ ಇದ್ದವು ಅಂತ ಕೇಳಿದಳು. ಹನ್ನೊಂದು. ಈಗಿನ ಬಾಗಿಲು ಎಣಿಸಿಕೊಂಡು ಬಂದಳು. ಅರವತ್ನಾಲ್ಕು.

“ತಾತ, ನೀರು ಬಿಟ್ಟಾಗ ಯಾವತ್ತಾದ್ರೂ ಇಲ್ಲಿ ಬಂದು ನಿಂತಿದ್ಯಾ?”

ನಿಂತಿರಲಿಲ್ಲ. ಹೇಗೆ ನಿಲ್ಲಲಿ? ಈ ಬೀದಿಗೆ ನೀರು ಹೋಗೋ ಹೊತ್ತಿಗೆ ನಾನು ದಿಣ್ಣೆ ಹತ್ತಿ ಟ್ಯಾಂಕ್ ನೋಡುತ್ತಿರುತ್ತಿದ್ದೆ. ಮುಂದಿನ ಭಾನುವಾರ ಅವಳೇ ಕೀಲಿ ಹಿಡಿದಳು, ನಾನು ಕೊನೆಯ ನಲ್ಲಿ ಹತ್ತಿರ ನಿಂತೆ. ನೀರು ನೂಲಿನಂತೆ ಬಂತು. ಒಬ್ಬಳು ಹೆಣ್ಣುಮಗಳು ಕೊಡ ಇಟ್ಟು, ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು. ಅವಳ ಹಿಂದೆ ಎಂಟು ಜನ ಹಾಗೇ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನೊಬ್ಬನೇ ಒಂಟಿ ಅಂದುಕೊಂಡಿದ್ದೆನಲ್ಲ, ಇಷ್ಟು ವರ್ಷ ಇವರನ್ನೆಲ್ಲ ಹೀಗೆ ಒಬ್ಬೊಬ್ಬರನ್ನಾಗಿ ಕೂರಿಸಿದವನು ನಾನೇ. ಗೆರೆ ನಂಬಿದೆ, ಜನ ಕೂಗಿದ್ದನ್ನು ದಿನದ ರಗಳೆ ಅಂದುಕೊಂಡೆ.

ಹೀಗೆ ಐದು ಭಾನುವಾರ. ಪರೀಕ್ಷೆ ಹತ್ತಿರ ಇದ್ದರೂ ಮಕ್ಕಳು ಪುಸ್ತಕ ಹಿಡಿದುಕೊಂಡೇ ಬಂದರು, ನಲ್ಲಿ ಹತ್ತಿರ ಕೂತು ಓದಿದರು. ಕೊನೆಗೆ ಹೊಸ ಲೆಕ್ಕ ಆಯಿತು: ಮೊದಲನೇ ಬೀದಿಗೆ ಸುತ್ತು ಕಡಿಮೆ, ಏಳನೆಯದಕ್ಕೆ ಹೊತ್ತು ಜಾಸ್ತಿ, ಬಸ್ಸಿಗೆ ಮುಂಚೆ ಅದಕ್ಕೇ ಮೊದಲು. ಮೊದಲನೇ ಬೀದಿಯವರು ತಕರಾರು ತೆಗೆದರು. ಮೆಂಬರ್ ಮನೆಯೂ ಅಲ್ಲೇ. ಚೈತ್ರ ವಾದ ಮಾಡಲಿಲ್ಲ, ಅವರನ್ನು ಕರೆದುಕೊಂಡು ಹೋಗಿ ಕೊನೆಯ ನಲ್ಲಿ ಮುಂದೆ ನಿಲ್ಲಿಸಿದಳು. ಅವರು ಗಡಿಯಾರ ನೋಡಿಕೊಂಡು ಒಂದು ಕೊಡ ತುಂಬೋ ತನಕ ನಿಂತು, ತಕರಾರು ಬಿಟ್ಟು ಹೋದರು. ಸೋಮವಾರದಿಂದ ಬೇರೆಯವರು ಅನ್ನೋ ಮಾತನ್ನು ಮೆಂಬರ್ ಮತ್ತೆ ಎತ್ತಲಿಲ್ಲ.

ಹೊಸ ಲೆಕ್ಕವನ್ನು ಚೇಂಬರ್ ಮುಚ್ಚಳದ ಒಳಗಡೆ ಆಯಿಲ್ ಪೇಂಟಿನಲ್ಲಿ ಬರೆದರು, ಪಂಚಾಯಿತಿಯಲ್ಲೂ ಒಂದು ನಕ್ಷೆ ಹಾಕಿದರು. ಚೈತ್ರ ನನ್ನನ್ನು ಡಾಕ್ಟರ ಹತ್ತಿರವೂ ಕರೆದೊಯ್ದಳು. ನೆನಪಿನ ಕಾಯಿಲೆ ಅಲ್ಲ, ಒಬ್ಬರೇ ಕೂರಬೇಡಿ ಅಂದರು. ಹತ್ತು ತಿಂಗಳು ಪೂರ್ತಿ ದುಡಿದು, ಮರೆತವನು ಅನ್ನಿಸಿಕೊಳ್ಳದೆ ರಿಟೈರ್ ಆದೆ. ಆ ಹತ್ತೊಂಬತ್ತರಲ್ಲಿ ಕೆಲವರು ಈಗ ಕೆಲಸದಲ್ಲಿದ್ದಾರೆ. ಆದರೂ ಬೇಸಿಗೆ ಬಂತು ಅಂದರೆ ಕಾಲೇಜಿನ ಕಿರಿಯ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಬಂದು ಬಕೆಟ್ಟು ಹಿಡಿಯುತ್ತಾರೆ. ಪಕ್ಕದ ಮೂರು ಊರಿಗೂ ಹೋಗಿ ಬಂದರು.

ಕೆಲಸ ನನಗೆ ಕಲಿಸಿದ್ದು ಇಷ್ಟು. ವಾಲ್ವ್ ಹತ್ತಿರ ನಿಂತವನಿಗೆ ನೀರು ಹೋದ ಸದ್ದು ಕೇಳಿಸುತ್ತೆ, ಆದರೆ ತಲುಪಿತೋ ಇಲ್ಲವೋ ಗೊತ್ತಾಗೋದು ಕೊನೆಯ ನಲ್ಲಿಯಲ್ಲಿ. ಸೇವೆಗೆ ಬರೋ ಮಕ್ಕಳೂ ಗೋಡೆ ಅಳಿಸೋ ಮುಂಚೆ ಇದು ಯಾರದು ಅಂತ ಒಂದು ಮಾತು ಕೇಳಬೇಕು. ಕೇಳದಿದ್ದರೆ ನಮ್ಮಂಥವರು ಬಾಯಿಬಿಟ್ಟು ಹೇಳಬೇಕು. ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದರೆ ಮಕ್ಕಳಿಗೂ ನಷ್ಟ, ಊರಿಗೂ ನಷ್ಟ.

ನಿನ್ನೆ ಸಂಜೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಶಿಫ್ಟು ಬದಲಾಯಿಸಿಕೊಂಡಿದ್ದ, ಸೊಸೆ ರಜೆ ಹಾಕಿದ್ದಳು, ತ್ಯಾಮಗೊಂಡ್ಲುವಿನಿಂದ ಮಗಳು ಅಳಿಯ ಒಂದು ಗೊನೆ ಬಾಳೆಹಣ್ಣು ತಂದಿದ್ದರು. ಮುದ್ದೆ, ಬಸ್ಸಾರು, ಹೋಳಿಗೆ. ಎಲೆ ಹಾಕಿಕೊಂಡು ನೆಲದ ಮೇಲೆ ಒಂದೇ ಸಾಲು. ಚೈತ್ರ ಗೌನು ಬಿಚ್ಚಿಟ್ಟು ನನ್ನ ಪಕ್ಕದಲ್ಲಿ ಕೂತಳು. ಅರ್ಧ ಊಟದಲ್ಲಿ ಕೇಳಿದಳು:

“ತಾತ, ಅವತ್ತು ನಾನು ಸುಣ್ಣ ಬಳೀವಾಗ ನೀನು ಅಲ್ಲೇ ನಿಂತಿದ್ದೆ. ನಿಜ ಹೇಳು, ಯಾಕೆ ತಡೀಲಿಲ್ಲ?”

ಎಲ್ಲರ ಕೈಯೂ ನಿಂತಿತು. ನನಗೆ ನಾನೇ ಹೇಳಿಕೊಂಡಿದ್ದ ಕಾರಣಗಳೆಲ್ಲ ಇದ್ದವು. ಬಾಯಿಗೆ ಬಂದದ್ದು ಬೇರೆ.

“ನಿಮ್ಮಜ್ಜಿ ಹೋದ ಮೇಲೆ ನೀನು ನಕ್ಕಿದ್ದು ನಾನು ನೋಡಿದ್ದು ಅವತ್ತೇ ಮೊದಲು ಕಣವ್ವ.”

ಮಂಜುನಾಥ ಎಲೆ ನೋಡುತ್ತಾ ಕೂತ. ಸುಧಾ ಎದ್ದು ಎಲ್ಲರಿಗೂ ಸಾರು ಬಡಿಸಿಕೊಂಡು ಬಂದಳು. ಚೈತ್ರ ತನ್ನ ಹೋಳಿಗೆ ಮುರಿದು ಅರ್ಧ ನನ್ನ ಎಲೆಗೆ ಹಾಕಿ, ತಿನ್ನು ತಾತ, ಆರ್ಹೋಗುತ್ತೆ ಅಂದಳು. ನಾನು ತಿಂದೆ. ಎಲ್ಲರೂ ಮತ್ತೆ ಊಟಕ್ಕೆ ಕೈ ಹಾಕಿದರು.